ಉಳಿವಿನ ವಾದವೂ ಹಿಂಸೆಯ ಪ್ರಶ್ನೆಯೂ

ಸುಮಾರು 5.6 ಕೋಟಿ ವರ್ಷಗಳ ಹಿಂದೆ, ಪೇಲಿಯೋಸೀನ್ ಯುಗ ಮುಗಿದು ಇಯೋಸೀನ್ ತೊಡಗುವ ಸಂಧಿಯಲ್ಲಿ, ಅಪಾರ ಇಂಗಾಲವು ಕೆಲವು ಸಾವಿರ ವರ್ಷಗಳಲ್ಲಿ ವಾತಾವರಣವನ್ನೂ ಸಾಗರವನ್ನೂ ಸೇರಿ, ಭೂಮಿಯ ಸರಾಸರಿ ತಾಪಮಾನ 5ರಿಂದ 6 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಆಗ ಪ್ಲವಕಗಳಿಗೆ, ಅಂದರೆ ಪ್ರವಾಹಕ್ಕೆ ಎದುರು ಈಜಲಾರದೆ ನೀರು ಒಯ್ದತ್ತ ತೇಲುವ ಜೀವಿಗಳಿಗೆ, ಒದಗಿದ ಗತಿಯು ಜೈನ ದರ್ಶನದ ಹಳೆಯ ಪ್ರಶ್ನೆಯೊಂದನ್ನು ಮತ್ತೆ ಎತ್ತುತ್ತದೆ: ಬದಲಾದುದನ್ನು ಉಳಿದುದೆನ್ನಬಹುದೇ? ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವುದೆಲ್ಲವೂ ಉತ್ಪಾದವೆಂಬ ಹುಟ್ಟು, ವ್ಯಯವೆಂಬ ಅಳಿವು, ಧ್ರೌವ್ಯವೆಂಬ ಸ್ಥಿರತೆ ಈ ಮೂರನ್ನೂ ಏಕಕಾಲಕ್ಕೆ ಒಳಗೊಂಡಿರುತ್ತದೆ. ದ್ರವ್ಯ ನಿಲ್ಲುತ್ತದೆ, ಅದರ ಅವಸ್ಥೆಗಳಾದ ಪರ್ಯಾಯಗಳು ಬಂದುಹೋಗುತ್ತವೆ.

ಕಡಲತಳದ ಕೆಸರಿನ ದಾಖಲೆ ಮೇಲ್ನೋಟಕ್ಕೆ ಇದನ್ನು ಸಮರ್ಥಿಸುತ್ತದೆ. ಸುಣ್ಣದ ಚಿಪ್ಪು ಕಟ್ಟುವ ಏಕಕೋಶಜೀವಿಗಳಾದ ಫೊರಾಮಿನಿಫೆರಾಗಳಲ್ಲಿ, ಆಳದ ತಳದಲ್ಲಿದ್ದ ಪ್ರಭೇದಗಳ ಪೈಕಿ ಶೇ. 30ರಿಂದ 50ರಷ್ಟು ನಿರ್ನಾಮವಾದರೂ ಮೇಲೆ ತೇಲುತ್ತಿದ್ದವು ಬಹುಪಾಲು ಉಳಿದವು. ಅಕಾರಿನಿನಾ, ಮೊರೊಜೊವೆಲ್ಲಾ ಕುಲಗಳಲ್ಲಿ ಆ ಬಿಸಿಗಾಲದಲ್ಲಷ್ಟೇ ತೋರಿ ಮರೆಯಾದ ರೂಪಗಳಿವೆ. ಬೆಚ್ಚನೆಯ ನೀರಿನ ಅಪೆಕ್ಟೋಡಿನಿಯಂ ಎಂಬ ಪ್ಲವಕ ಧ್ರುವಗಳ ಹತ್ತಿರದವರೆಗೂ ಹಬ್ಬಿತು.

ತಾಪವನ್ನು ಮತ್ತೆ ಇಳಿಸಿದ ಕ್ರಿಯೆಗಳಲ್ಲೊಂದು ಮುದ್ದೇನಹಳ್ಳಿಯ ನೆರೆಯ ನಂದಿಬೆಟ್ಟದಲ್ಲಿ ಇಂದಿಗೂ ನಡೆದಿದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿದ ಮಳೆನೀರು ತುಸು ಆಮ್ಲೀಯವಾಗಿ ಬಂಡೆಯ ಬಿರುಕಿಗಿಳಿದು, ಗಟ್ಟಿ ಫೆಲ್ಡ್‌ಸ್ಪಾರ್ ಹರಳನ್ನು ಬೆರಳಿಗೆ ಪುಡಿಯಾಗುವ ಜೇಡಿಯಾಗಿಸುತ್ತದೆ. ಕರಗಿದ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟು ಉತ್ತರ ಪಿನಾಕಿನಿಯಂಥ ಹೊಳೆಗಳಲ್ಲಿ ಬಂಗಾಳಕೊಲ್ಲಿಗೆ ಸಾಗಿ ಪ್ಲವಕಗಳ ಚಿಪ್ಪಾಗಿ, ಸತ್ತ ಮೇಲೆ ತಳ ಸೇರಿ, ಇಂಗಾಲವನ್ನು ಹೂತಿಡುತ್ತವೆ. ಆದರೆ ಅಂದಿನ ಚೇತರಿಕೆಗೆ ಹಿಡಿದ ಕಾಲ ಒಂದೂವರೆ ಲಕ್ಷ ವರ್ಷಕ್ಕೂ ಹೆಚ್ಚು.

ಆದ್ದರಿಂದ ಕಡಲು ಹೇಗೂ ಸುಧಾರಿಸಿಕೊಳ್ಳುತ್ತದೆ ಎಂಬ ವಾದವು ಧ್ರೌವ್ಯವೊಂದನ್ನೇ ಹಿಡಿದು ವ್ಯಯವನ್ನು ಮರೆಯುತ್ತದೆ; ಒಂದು ದೃಷ್ಟಿಯನ್ನೇ ಪೂರ್ಣಸತ್ಯವೆನ್ನುವ ಇಂಥ ದೋಷಕ್ಕೆ ಜೈನ ತರ್ಕದಲ್ಲಿ ನಯಾಭಾಸವೆಂದು ಹೆಸರು. ಜೀವವು ನಿತ್ಯವೆಂದು ಒಪ್ಪಿದ ಅದೇ ಉಮಾಸ್ವಾತಿ, ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಗಳಿಗೆ ಒದಗಿಸುವ ಘಾತವನ್ನು ಹಿಂಸೆಯೆಂದು ನಿರೂಪಿಸಿದ್ದಾನೆ. ನಿತ್ಯತೆಯು ಅಲ್ಲಿ ಹಿಂಸೆಗೆ ರಿಯಾಯಿತಿಯಲ್ಲ. ಇಯೋಸೀನಿನ ಹೊಸ್ತಿಲಲ್ಲಿ ಸೇರಿದ ಇಂಗಾಲಕ್ಕೆ ಪ್ರಮಾದಿಯಾದ ಕರ್ತೃವಿರಲಿಲ್ಲ. ಅದಕ್ಕಿಂತ ಸುಮಾರು 10 ಪಟ್ಟು ವೇಗವಾಗಿ ಸೇರುತ್ತಿದೆಯೆಂದು ಅಂದಾಜಿಸಲಾದ ಇಂದಿನ ಇಂಗಾಲಕ್ಕೆ ಇದ್ದಾನೆ.