ಹೆಚ್ಚು ಯಾರು, ಕಡಮೆ ಯಾರು?

ಭಾರತದ ಕಥೆಯನ್ನು ಹೇಳಿ ಮುಗಿಸಿದ ದಿನ ತರಗತಿಯ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸಾರ್, ಅರ್ಜುನ ದೊಡ್ಡವನೋ, ಕರ್ಣ ದೊಡ್ಡವನೋ?" ಕೇಳಿದ ಹುಡುಗನಿಗೆ ಉತ್ತರ ಬೇಕಾಗಿರುವುದಿಲ್ಲ, ತನ್ನ ಪಕ್ಷಕ್ಕೆ ಉಪಾಧ್ಯಾಯರ ಸಾಕ್ಷಿ ಬೇಕಾಗಿರುತ್ತದೆ. ಮಕ್ಕಳ ಈ ಹಟ ದೊಡ್ಡವರಲ್ಲಿಯೂ ಮಾಯುವುದಿಲ್ಲ. ಕವಿಗಳಾಗಲಿ, ಗಾಯಕರಾಗಲಿ, ಆಟಗಾರರಾಗಲಿ, ಒಂದೇ ಕಾಲದಲ್ಲಿ ಇಬ್ಬರು ಮೆರೆದರೆಂದರೆ ಒಬ್ಬರನ್ನು ಏರಿಸಿ ಇನ್ನೊಬ್ಬರನ್ನು ಇಳಿಸದೆ ನಮಗೆ ನೆಮ್ಮದಿಯಿಲ್ಲ. ಹಾಗಾದರೆ ಕಳೆದುಹೋದ ಕಾಲದ ಎದುರಾಳಿಗಳನ್ನು ನಾವು ಹೇಗೆ ನೆನೆಯಬೇಕು? ಒಬ್ಬನ ಮೇಲಣ ಅಭಿಮಾನವು ಇನ್ನೊಬ್ಬನ ಅವಮಾನವಿಲ್ಲದೆ ಬದುಕಲಾರದೆ? ಇದೇ ಈ ಲೇಖನದ ವಿಚಾರ.

ಹತ್ತಿರದ ಉದಾಹರಣೆಯನ್ನು ತೆಗೆದುಕೊಂಡರೆ ನಮ್ಮ ನಮ್ಮ ಪಕ್ಷಪಾತಗಳು ತಲೆಯೆತ್ತಿ ವಿಚಾರಕ್ಕೆ ಅಡ್ಡಬರುವುವು. ಆದುದರಿಂದ ನಮಗೆ ಯಾವ ಪಕ್ಷವೂ ಇಲ್ಲದ ದೂರದೇಶದ ಆಟವೊಂದನ್ನು ನೋಡೋಣ. ಕೆನಡಾ ದೇಶದಲ್ಲಿ ಚಳಿಗಾಲದ ಕೆರೆಕುಂಟೆಗಳು ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಅಲ್ಲಿಯ ಮಕ್ಕಳು ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು ಕಟ್ಟಿಕೊಂಡು ಆ ಮಂಜುಗಡ್ಡೆಯ ಮೇಲೆ ಜಾರುತ್ತ ಹಾಕಿ ಆಡುತ್ತಾರೆ. ಚೆಂಡಿಗೆ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಗೋಲು ಕಾಯುವವನೂ ಸೇರಿ ಒಂದು ಪಕ್ಷಕ್ಕೆ ಕಣದಲ್ಲಿ ಆರು ಮಂದಿ. ಸುತ್ತ ಮರದ ಗೋಡೆ. ಮೈಗೆ ಮೈ ತಾಗಿಸಿ ಎದುರಾಳಿಯನ್ನು ತಡೆಯುವುದೂ ಆಟದ ನಿಯಮದೊಳಗಣ ಮಾತು. ವೇಗ, ಧೈರ್ಯ, ಒರಟುತನ ಮೂರೂ ಕೂಡಿದ ಆಟವಿದು.

1942ರಿಂದ 1967ರವರೆಗೆ ಈ ಆಟದ ಹಿರಿಯ ಪಂದ್ಯಾವಳಿಯಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಇದ್ದವು ಆರೇ ತಂಡಗಳು. 1949ರಿಂದಾಚೆಗೆ ಒಂದೊಂದು ತಂಡವೂ ವರ್ಷಕ್ಕೆ 70 ಪಂದ್ಯಗಳನ್ನು ಆಡಬೇಕಾಗಿದ್ದಿತು. ಎಂದರೆ ಯಾವ ಎರಡು ತಂಡಗಳೇ ಆಗಲಿ, ಒಂದು ವರ್ಷದಲ್ಲಿ 14 ಸಲ ಎದುರುಬದುರಾಗುತ್ತಿದ್ದವು. ಇಷ್ಟು ಸಲ ಎದುರಾದವರು ಒಬ್ಬರನ್ನೊಬ್ಬರು ಬಂಧುಗಳಿಗಿಂತ ಚೆನ್ನಾಗಿ ಅರಿತಿರಬೇಕು. ಅಂಥವರಲ್ಲಿ ಇಬ್ಬರ ಹೆಸರು ಇಂದಿಗೂ ಜೋಡಿಯಾಗಿಯೇ ಕೇಳಿಬರುತ್ತದೆ: ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಮೊರೀಸ್ ರಿಷಾರ್, ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಗಾರ್ಡಿ ಹೌ.

ರಿಷಾರ್ ಅವರು ಹುಟ್ಟಿದುದು 1921ರಲ್ಲಿ, ಮಾಂಟ್ರಿಯಲ್ ನಗರದಲ್ಲಿ, ಫ್ರೆಂಚ್ ಮಾತಾಡುವ ದುಡಿಮೆಗಾರರ ಮನೆಯಲ್ಲಿ. ಹೌ ಅವರು ಹುಟ್ಟಿದುದು 1928ರಲ್ಲಿ, ಸಸ್ಕಾಚೆವಾನ್ ಪ್ರಾಂತದ ಫ್ಲೋರಲ್ ಎಂಬ ಹಳ್ಳಿಯಲ್ಲಿ. ಅವರದೂ ಬಡತನದ ಬಾಲ್ಯವೇ. ಇಬ್ಬರೂ ಬಲಗಡೆಯ ಮುನ್ನುಗ್ಗುವ ಸ್ಥಾನದಲ್ಲಿ ಆಡಿದರು. ಇಬ್ಬರ ಅಂಗಿಯ ಮೇಲೂ 9ರ ಅಂಕೆ. ರಿಷಾರ್ ಅವರಿಗೆ ಜನ ಇಟ್ಟ ಹೆಸರು 'ರಾಕೆಟ್'. ಗೋಲಿನ ಕಡೆಗೆ ನುಗ್ಗಿದರೆಂದರೆ ತಡೆಯುವವರನ್ನೂ ಎಳೆದುಕೊಂಡೇ ಹೋಗುತ್ತಿದ್ದರು. ಹೌ ಅವರಿಗೆ ಇಟ್ಟ ಹೆಸರು 'ಮಿಸ್ಟರ್ ಹಾಕಿ'. ಆಟದ ಎಲ್ಲ ಅಂಗಗಳಲ್ಲಿಯೂ ಅವರು ಪಳಗಿದವರು. ಮೊಳಕೈಯ ತಿವಿತಕ್ಕೂ ಅಷ್ಟೇ ಹೆಸರಾದವರು.

ಇವರಲ್ಲಿ ಹೆಚ್ಚಿನವರು ಯಾರು? ಅಂಕಿಗಳನ್ನು ಕೇಳಿದರೆ ಸುಲಭವಾಗಿ ತಿಳಿಯಬಹುದೆಂದು ತೋರುತ್ತದೆ. ಕೇಳಿ ನೋಡೋಣ. ರಿಷಾರ್ ಅವರು 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದರು. ಅದಕ್ಕೆ ಮೊದಲು ಲೀಗಿನಲ್ಲಿ ಯಾರೂ ಒಂದು ವರ್ಷದಲ್ಲಿ 50ನ್ನು ಮುಟ್ಟಿರಲಿಲ್ಲ. 1957ರಲ್ಲಿ 500 ಗೋಲುಗಳನ್ನು ಮುಟ್ಟಿದ ಮೊದಲಿಗರೂ ಅವರೇ. 1960ರಲ್ಲಿ ನಿವೃತ್ತರಾದಾಗ 978 ಪಂದ್ಯಗಳಲ್ಲಿ 544 ಗೋಲುಗಳು. ತಂಡಕ್ಕೆ ಎಂಟು ಸಲ ಸ್ಟ್ಯಾನ್ಲಿ ಕಪ್. ಹೌ ಅವರು ಇದೇ ಲೀಗಿನಲ್ಲಿ 1,767 ಪಂದ್ಯಗಳನ್ನು ಆಡಿ 801 ಗೋಲು ಹೊಡೆದರು; ಅವರಿಗೆ ದೊರೆತ ಸ್ಟ್ಯಾನ್ಲಿ ಕಪ್ ನಾಲ್ಕು. ಗೋಲಿಗೂ ಗೋಲಿಗೆ ನೆರವಾದುದಕ್ಕೂ ಸೇರಿಸಿ ಕೊಡುವ ಅಂಕಗಳಲ್ಲಿ ಹೌ ಅವರು ಆರು ವರ್ಷ ಲೀಗಿಗೇ ಮೊದಲಿಗರಾದರು. ರಿಷಾರ್ ಅವರಿಗೆ ಆ ಪಟ್ಟ ಒಮ್ಮೆಯೂ ದೊರೆಯಲಿಲ್ಲ.

ನೋಡಿದಿರಾ? ವೇಗವನ್ನು ಕೇಳಿದವನಿಗೆ ಅಂಕಿಗಳು ರಿಷಾರ್ ಅವರನ್ನು ತೋರಿಸುತ್ತವೆ. ಬಾಳಿಕೆಯನ್ನು ಕೇಳಿದವನಿಗೆ ಹೌ ಅವರನ್ನು. ಕಪ್ಪುಗಳನ್ನು ಎಣಿಸಿದವನಿಗೆ ಒಬ್ಬರು, ಅಂಕಗಳನ್ನು ಎಣಿಸಿದವನಿಗೆ ಇನ್ನೊಬ್ಬರು. ಅಂಕಿಗಳು ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟವು. ಪಕ್ಷಪಾತಿಯು ತನಗೆ ಬೇಕಾದ ಉತ್ತರವನ್ನು ಮೊದಲೇ ಆರಿಸಿಕೊಂಡು, ಆಮೇಲೆ ಅದಕ್ಕೆ ತಕ್ಕ ಪ್ರಶ್ನೆಯನ್ನು ಹುಡುಕುತ್ತಾನೆ. ಅಷ್ಟಕ್ಕೇ ನಿಲ್ಲದೆ ಎದುರಾಳಿಯ ಸಾಧನೆಯನ್ನು ಕೆರೆದು ಸವೆಸಲು ತೊಡಗುತ್ತಾನೆ. "ಆ 50 ಗೋಲು ಯುದ್ಧಕಾಲದವು, ಒಳ್ಳೆಯ ಆಟಗಾರರೆಲ್ಲ ಸೈನ್ಯದಲ್ಲಿದ್ದರು" ಎಂದು ಒಂದು ಪಕ್ಷ. "801 ಗೋಲು ಬರಿಯ ವರ್ಷಗಳ ಫಲ" ಎಂದು ಇನ್ನೊಂದು ಪಕ್ಷ. ಮೊದಲಿನ ಪಕ್ಷದವರು 1946-47ರಲ್ಲಿ, ಯುದ್ಧ ಮುಗಿದು ಆಟಗಾರರು ಹಿಂದಿರುಗಿದ ಮೇಲೆ, ರಿಷಾರ್ ಅವರು 45 ಗೋಲು ಹೊಡೆದು ಲೀಗಿಗೆ ಮೊದಲಿಗರಾದುದನ್ನು ಮರೆಯುತ್ತಾರೆ. ಎರಡನೆಯ ಪಕ್ಷದವರು 1950ರ ಮಾರ್ಚ್ ತಿಂಗಳನ್ನು ಮರೆಯುತ್ತಾರೆ. ಆಗ ಹೌ ಅವರು ಮರದ ಗೋಡೆಗೆ ತಲೆ ಅಪ್ಪಳಿಸಿ, ಮಿದುಳಿನ ಮೇಲಣ ಒತ್ತಡವನ್ನು ಇಳಿಸಲು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಬದುಕಿಯಾರೇ ಎಂಬ ಶಂಕೆಯಿತ್ತು. ಮರುವರ್ಷವೇ ಅವರು ಕಣಕ್ಕೆ ಮರಳಿ 43 ಗೋಲು ಹೊಡೆದು ಲೀಗಿಗೆ ಮೊದಲಿಗರಾದರು. ಆ ವರ್ಷ ಅವರ ಹಿಂದೆಯೇ ಇದ್ದವರು, 42 ಗೋಲಿನ ರಿಷಾರ್.

ಒಂದೇ ಗೋಲಿನ ಈ ಅಂತರವನ್ನು ನಾವು ಎಷ್ಟೋ ಹೊತ್ತು ಚಿಂತಿಸಿದ್ದೇವೆ. ಹಿಂದೆ ಅಟ್ಟಿಕೊಂಡು ಬರುವವನಿಲ್ಲದೆ ಓಡುವವನ ಕಾಲಿಗೆ ಆ ವೇಗ ಎಲ್ಲಿಂದ ಬರಬೇಕು? ಎದುರಾಳಿಯು ನಮ್ಮ ಏಳಿಗೆಗೆ ಅಡ್ಡನಿಂತವನೆಂದು ತಿಳಿಯುವುದು ಅರ್ಧ ಸತ್ಯ. ನಮ್ಮೊಳಗೆ ಏನಿದೆ ಎಂಬುದನ್ನು ಹೊರಗೆಳೆದು ತೋರಿಸಿದವನೂ ಅವನೇ. ಇದು ಪೂರ್ಣ ಸತ್ಯ.

ಇದಕ್ಕೆ 1955ರ ಕಥೆಯೇ ಸಾಕ್ಷಿ. ಆ ವರ್ಷದ ಮಾರ್ಚ್ 13ರಂದು ಬಾಸ್ಟನ್ ನಗರದ ಪಂದ್ಯದಲ್ಲಿ ಎದುರು ತಂಡದವನೊಬ್ಬನ ಕೋಲು ತಾಗಿ ರಿಷಾರ್ ಅವರ ತಲೆ ಒಡೆಯಿತು. ಕೋಪ ತಡೆಯಲಾರದೆ ಅವರು ಅವನನ್ನು ಕೋಲಿನಿಂದ ಹೊಡೆದರು. ಹಿಡಿಯಬಂದ ಪಂದ್ಯಾಧಿಕಾರಿಯನ್ನೂ ಗುದ್ದಿದರು. ಇದು ತಪ್ಪು, ಅಭಿಮಾನದ ಬಟ್ಟೆಯಿಂದ ಮುಚ್ಚಬೇಕಾದುದಲ್ಲ. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವರು ಆ ವರ್ಷದ ಉಳಿದ ಪಂದ್ಯಗಳಿಂದಲೂ ಕಪ್ಪಿನ ಪಂದ್ಯಗಳಿಂದಲೂ ರಿಷಾರ್ ಅವರನ್ನು ಹೊರಗಿಟ್ಟರು. ಮಾಂಟ್ರಿಯಲಿನ ಫ್ರೆಂಚ್ ಜನಕ್ಕೆ ಇದು ಒಬ್ಬ ಆಟಗಾರನಿಗೆ ಆದ ಶಿಕ್ಷೆಯಾಗಿ ಕಾಣಲಿಲ್ಲ. ಇಂಗ್ಲಿಷರ ಅಧಿಕಾರವು ತಮ್ಮ ನುಡಿಯವನಿಗೆ ಮಾಡಿದ ಅನ್ಯಾಯವಾಗಿ ಕಂಡಿತು. ಬೇರೆ ನುಡಿಯ ಕಚೇರಿಗಳ ನಡುವೆ ಕನ್ನಡ ಶಾಲೆಯನ್ನು ನಡೆಸುವ ನಮಗೆ ಆ ನೋವು ಅರ್ಥವಾಗದುದಲ್ಲ.

ಆದರೆ ನೋವು ಮುಂದೆ ಏನು ಮಾಡಿತು? ಮಾರ್ಚ್ 17ರ ರಾತ್ರಿ ಮಾಂಟ್ರಿಯಲಿನಲ್ಲಿ ಪಂದ್ಯ. ಎದುರಾಳಿ ಡೆಟ್ರಾಯಿಟ್ ತಂಡವೇ. ಪಂದ್ಯ ನೋಡಲು ಬಂದ ಅಧ್ಯಕ್ಷರ ಮೇಲೆ ಸಿಕ್ಕ ಸಿಕ್ಕ ಸಾಮಾನು ತೂರಿದರು. ಅಶ್ರುವಾಯುವಿನ ಬಾಂಬೊಂದು ಸಿಡಿಯಿತು. ಪಂದ್ಯವನ್ನು ಡೆಟ್ರಾಯಿಟ್ ಗೆದ್ದುದಾಗಿ ಸಾರಿದರು. ಜನ ಬೀದಿಗಿಳಿದು ಅಂಗಡಿಗಳ ಗಾಜನ್ನು ಪುಡಿಮಾಡಿ ದೋಚಿದರು. ಮರುದಿನ ರಿಷಾರ್ ಅವರೇ ರೇಡಿಯೋದಲ್ಲಿ ಮಾತಾಡಿ, ತಾನು ಶಿಕ್ಷೆಯನ್ನು ಒಪ್ಪಿಕೊಳ್ಳುವೆನೆಂದೂ ಗಲಭೆಯನ್ನು ನಿಲ್ಲಿಸಬೇಕೆಂದೂ ಜನರನ್ನು ಬೇಡಿಕೊಳ್ಳಬೇಕಾಯಿತು. ಅಭಿಮಾನಿಗಳಿಗಿಂತ ಅಭಿಮಾನಕ್ಕೆ ಪಾತ್ರನಾದವನೇ ಹೆಚ್ಚು ವಿವೇಕಿಯಾಗಿದ್ದನು.

ಇನ್ನೂ ಒಂದು ಮಾತು ಉಂಟು. ಆ ವರ್ಷ ಅಂಕಗಳಲ್ಲಿ ರಿಷಾರ್ ಅವರು ಎಲ್ಲರಿಗಿಂತ ಮುಂದಿದ್ದರು; ಎಂದೂ ದೊರೆಯದ ಪಟ್ಟ ಕೈಗೆ ಬರುವುದರಲ್ಲಿತ್ತು. ಅವರು ಹೊರಗುಳಿದ ಆ ಕೊನೆಯ ದಿನಗಳಲ್ಲಿ ಅವರದೇ ತಂಡದ ಬರ್ನಾರ್ ಜೆಫ್ರಿಯೋನ್ ಅವರು 75 ಅಂಕ ಗಳಿಸಿ, ರಿಷಾರ್ ಅವರ 74ನ್ನು ದಾಟಿದರು. ಮಾಂಟ್ರಿಯಲಿನ ಪ್ರೇಕ್ಷಕರು ತಮ್ಮ ತಂಡದವನನ್ನೇ ಛೀಮಾರಿ ಹಾಕಿ ಕೂಗಿದರು. ಆತನ ಅಪರಾಧವೇನು? ತನ್ನ ಆಟವನ್ನು ಚೆನ್ನಾಗಿ ಆಡಿದುದು! ಎದುರಾಳಿಯನ್ನು ಇಳಿಸದೆ ಬಾಳಲಾರದ ಅಭಿಮಾನವು ಎದುರಾಳಿ ಸಿಗದಾಗ ಮನೆಯವನನ್ನೇ ಕಚ್ಚುತ್ತದೆ.

ಆ ವರ್ಷದ ಕಪ್ಪಿಗಾಗಿ ನಡೆದ ಕೊನೆಯ ಹೋರಾಟದಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಏಳು ಪಂದ್ಯಗಳವರೆಗೂ ಸೆಣಸಿ ಡೆಟ್ರಾಯಿಟ್ ಗೆದ್ದಿತು. ಹೌ ಅವರ ಪಾಲಿಗೆ ಅದು ನ್ಯಾಯವಾದ ಗೆಲವೇ. ಆದರೂ "ರಿಷಾರ್ ಇದ್ದಿದ್ದರೆ?" ಎಂಬ ಪ್ರಶ್ನೆ ಆ ಗೆಲವಿನ ಬೆನ್ನು ಬಿಡಲಿಲ್ಲ. ಎದುರಾಳಿಯ ಅನುಪಸ್ಥಿತಿಯಿಂದ ಗೆದ್ದವನ ಗೆಲವೇ ಕುಗ್ಗಿತು. ಎದುರಾಳಿಯನ್ನು ಚಿಕ್ಕವನನ್ನಾಗಿ ಮಾಡುವವರು ತಮ್ಮವನನ್ನೂ ಚಿಕ್ಕವನನ್ನಾಗಿಯೇ ಮಾಡುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಷ್ಟನ್ನು ಬರೆಯಲು ನಮಗೆ ಒಂದು ಕಾರಣವುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ನಾಲ್ಕನೆಯ ತರಗತಿಯಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬನಿಗೆ ಬಾಯಿಲೆಕ್ಕ ನಾಲಗೆಯ ತುದಿಯಲ್ಲಿ. ಇನ್ನೊಬ್ಬನು ಪದ್ಯ ಓದಿದರೆ ಪಕ್ಕದ ತರಗತಿಯೂ ಸುಮ್ಮನಾಗುತ್ತಿದ್ದಿತು. ಒಂದೇ ಮಣೆಯ ಮೇಲೆ ಕುಳಿತು ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತಿದ್ದರು. ಶಾಲೆಯ ತನಿಖೆಯ ದಿನ ಅತಿಥಿಗಳ ಮುಂದೆ ನಾವು ಇಬ್ಬರನ್ನೂ ನಿಲ್ಲಿಸಿ, "ಇವನು ಮೊದಲನೆಯವನು, ಇವನು ಎರಡನೆಯವನು" ಎಂದು ಹೇಳಿಬಿಟ್ಟೆವು. ಹೇಳುವಾಗ ನಮಗೆ ಹೆಮ್ಮೆಯೇ ಆಯಿತು. ಮರುದಿನದಿಂದ ಎರಡನೆಯವನು ಕೈಯೆತ್ತಲಿಲ್ಲ. ಮೊದಲನೆಯವನು ತನ್ನ ಸ್ಲೇಟನ್ನು ಗೆಳೆಯನಿಗೆ ಕಾಣದಂತೆ ಓರೆಮಾಡಿ ಹಿಡಿದನು. ವರ್ಷ ಮುಗಿಯುವುದರೊಳಗೆ ಮೊದಲನೆಯವನ ಲೆಕ್ಕವೂ ಹಿಂದಿನಂತೆ ಉಳಿಯಲಿಲ್ಲ. ಒಂದು ಮಾತಿನಿಂದ ನಾವು ಇಬ್ಬರಿಗೂ ಒಬ್ಬೊಬ್ಬ ಎದುರಾಳಿಯನ್ನು ಮಾತ್ರವಲ್ಲ, ಒಬ್ಬೊಬ್ಬ ಗುರುವನ್ನೇ ಕಳೆದಿದ್ದೆವು.

ಹಾಗೆಂದು "ಇಬ್ಬರೂ ಸಮಾನರು" ಎಂದು ಎಲ್ಲರ ಬೆನ್ನು ತಟ್ಟುವುದೇ ನ್ಯಾಯವೇ ಎಂದು ವಾಚಕರು ಕೇಳಬಹುದು. ಅಲ್ಲ. ಅದು ಸತ್ಯಕ್ಕೆ ಹೆದರಿದವನ ಸೌಜನ್ಯ. ಬಾಯಿಲೆಕ್ಕದಲ್ಲಿ ಮೊದಲನೆಯ ಹುಡುಗನೇ ಮುಂದು. ಅದನ್ನು ಹೇಳಬಹುದು, ಹೇಳಬೇಕು. ಪಂದ್ಯಕ್ಕೆ ಇಷ್ಟೆಂಬ ಗೋಲಿನ ಲೆಕ್ಕದಲ್ಲಿ ರಿಷಾರ್ ಅವರೇ ಮುಂದು; ಒಟ್ಟು ಗೋಲಿನಲ್ಲಿ ಹೌ ಅವರೇ ಮುಂದು. ಬಿಡಿಬಿಡಿಯಾದ ಪ್ರಶ್ನೆಗಳಿಗೆ ಬಿಡಿಬಿಡಿಯಾದ ಉತ್ತರಗಳುಂಟು. ತಪ್ಪಾಗುವುದು ಆ ಉತ್ತರಗಳನ್ನೆಲ್ಲ ಒಂದು ಮೂಟೆ ಕಟ್ಟಿ, ತಕ್ಕಡಿಗೆ ಹಾಕಿ, ಇಡಿಯ ಮನುಷ್ಯನನ್ನೇ ತೂಗಿದೆವೆಂದು ಹೇಳಿದಾಗ. ಎದುರಾಳಿಗಳನ್ನು ನ್ಯಾಯವಾಗಿ ನೆನೆಯುವುದೆಂದರೆ ಅವರ ವ್ಯತ್ಯಾಸವನ್ನು ಮರೆಮಾಚದಿರುವುದು, ತಪ್ಪನ್ನೂ ಬಿಡದೆ ಹೇಳುವುದು, ಮತ್ತು ಒಬ್ಬನ ಕಥೆಯನ್ನು ಹೇಳುವಾಗ ಇನ್ನೊಬ್ಬನಿಗೆ ಅವನ ಪೀಠವನ್ನು ಬಿಟ್ಟುಕೊಡುವುದು.

ದಾಖಲೆಗಳೂ ನಮಗೆ ಇದನ್ನೇ ಕಲಿಸುತ್ತವೆ. ರಿಷಾರ್ ಅವರ 544ನ್ನು ಹೌ ಅವರು ಸರಿಗಟ್ಟಿದುದು 1963ರ ಅಕ್ಟೋಬರ್ 27ರಂದು, ದಾಟಿದುದು ನವೆಂಬರ್ 10ರಂದು. ಎರಡು ಸಲವೂ ಎದುರಿಗಿದ್ದುದು ಮಾಂಟ್ರಿಯಲ್ ತಂಡವೇ. ಹೌ ಅವರ 801ನ್ನು 1994ರಲ್ಲಿ ದಾಟಿದ ವೇಯ್ನ್ ಗ್ರೆಟ್ಸ್ಕಿ ಅವರು ಬಾಲ್ಯದಿಂದ ಹೌ ಅವರನ್ನೇ ಆದರ್ಶವಾಗಿ ಕಂಡವರು. ಗ್ರೆಟ್ಸ್ಕಿ ಅವರ 894ನ್ನು 2025ರ ಏಪ್ರಿಲ್ 6ರಂದು ಅಲೆಕ್ಸಾಂಡರ್ ಒವೆಚ್ಕಿನ್ ಅವರು ದಾಟಿದರು. ಎಲ್ಲಕ್ಕಿಂತ ಎತ್ತರವೆಂದು ಯಾವುದಕ್ಕಾಗಿ ಜನ ಕಾದಾಡಿದರೋ ಅದು ಮುಂದಿನವನು ಕಾಲಿಟ್ಟು ಏರಿದ ಮೆಟ್ಟಿಲಾಯಿತು. ಮೆಟ್ಟಿಲಾದುದರಿಂದ ಅದರ ಬೆಲೆ ತಗ್ಗಲಿಲ್ಲ.

ರಿಷಾರ್ ಅವರು 2000ದಲ್ಲಿ ತೀರಿಕೊಂಡರು. ಕ್ವಿಬೆಕ್ ಪ್ರಾಂತವು ಸರ್ಕಾರಿ ಮರ್ಯಾದೆಯೊಡನೆ ಅವರನ್ನು ಬೀಳ್ಕೊಟ್ಟಿತು. ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಬಹುಮಾನಕ್ಕೆ 1999ರಿಂದ ಅವರದೇ ಹೆಸರು. ಹೌ ಅವರು 2016ರಲ್ಲಿ ತೀರಿಕೊಂಡರು. ಕೆನಡಾ ಮತ್ತು ಅಮೆರಿಕಾ ದೇಶಗಳ ನಡುವಣ ಡೆಟ್ರಾಯಿಟ್ ನದಿಯ ಸೇತುವೆಯೊಂದಕ್ಕೆ ಅವರ ಹೆಸರನ್ನಿಟ್ಟರು. ಒಬ್ಬರ ಹೆಸರು ಗೆದ್ದವನ ಕೈಗೆ ಬಂದಿತು, ಇನ್ನೊಬ್ಬರ ಹೆಸರು ಎರಡು ದಡಗಳನ್ನು ಸೇರಿಸಿತು. ಈ ಎರಡರಲ್ಲಿ ಯಾವುದು ಹೆಚ್ಚೆಂದು ಕೇಳುವವರು ಕೇಳಲಿ.

ಇನ್ನು ನಮ್ಮ ಹಿಂದಿನ ಸಾಲಿನ ಹುಡುಗನಿಗೆ ಉತ್ತರ ಹೇಳಬೇಕು. ಆದಿಕವಿ ಪಂಪನ ಕಥಾನಾಯಕ ಅರ್ಜುನ. ತನ್ನ ಒಡೆಯನಾದ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡು ಕಾವ್ಯ ಕಟ್ಟಿದವನು ಅವನು. ಕರ್ಣನನ್ನು ಇಳಿಸಲು ಅವನಿಗಿಂತ ಹೆಚ್ಚಿನ ಕಾರಣ ಯಾರಿಗಿದ್ದಿತು? ಆದರೂ ಕರ್ಣನ ಹಿರಿಮೆಯನ್ನು ಅವನು ಬಾಯ್ತುಂಬ ಹಾಡಿದನು. ಅದರಿಂದ ಅರ್ಜುನನೇನೂ ಕುಗ್ಗಲಿಲ್ಲ. ಮುಂದಿನ ಸಲ ಆ ಪ್ರಶ್ನೆ ಬಂದಾಗ ನಾವು ತೀರ್ಪು ಹೇಳುವುದಿಲ್ಲ. "ಮಗು, ಕರ್ಣನಿಲ್ಲದ ಭಾರತದಲ್ಲಿ ಅರ್ಜುನನು ಯಾರೊಡನೆ ಹೋರಾಡುತ್ತಿದ್ದನು, ಯೋಚಿಸಿ ನಾಳೆ ಬಂದು ಹೇಳು" ಎಂದು ಕಳುಹಿಸುತ್ತೇವೆ. ಆ ಹುಡುಗನು ಪಕ್ಕದವನೊಡನೆ ಜಗಳಾಡುವ ಬದಲು ಅವನ ಜೊತೆ ಕೂಡಿ ಯೋಚಿಸಿ ಬಂದನಾದರೆ, ನಮ್ಮ ಹಳೆಯ ತಪ್ಪಿಗೆ ಅಷ್ಟರಮಟ್ಟಿನ ಪರಿಹಾರವಾಯಿತೆಂದು ತಿಳಿಯುವೆವು.