ಅವನು ನೋಡಿದ್ದು ಸುಳ್ಳಲ್ಲ

ಪುಣೆಗೆ ಬಂದ ಹೊಸತರಲ್ಲಿ ಸದಾಶಿವ ಪೇಟೆಯ ಒಂದು ಮನೆಯ ಮುಂದಿನ ಬೋರ್ಡು ಓದಿ, ಬೆಲ್ ಒತ್ತದೆ ವಾಪಸ್ ಬಂದಿದ್ದೆ. ಒಂದು ಸಲ ಒತ್ತಿದರೆ ಸಾಕು, ಒಳಗಿರುವವರು ಕಿವುಡರಲ್ಲ ಎಂಬರ್ಥದ ಬರಹ. ಬೈಸಿಕೊಂಡ ಹಾಗಾಗಿತ್ತು. ಅದು 'ಪುಣೇರಿ ಪಾಟಿ', ಊರಿನವರೇ ಓದಿ ನಗುವ ಬರಹ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಎದುರಿನವರ ಮಾತು, ಮುಖ, ಇಂಗಿತ ನಮಗೆಷ್ಟು ಅರ್ಥವಾಗುತ್ತದೆ ಎಂದು ಅಳೆಯುವ ಪರೀಕ್ಷೆಗಳಿವೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಇದನ್ನು ಅಳೆಯಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಊರ್ವಕ್ಷ್ ಮೆಹ್ತಾ, ಜಗದೀಶ ತೀರ್ಥಹಳ್ಳಿ ಮೊದಲಾದವರು 'ಸೋಕ್ರಟಿಸ್' ಎಂಬ ಪರೀಕ್ಷಾಗುಚ್ಛ ರೂಪಿಸಿ 2011ರಲ್ಲಿ ಪ್ರಕಟಿಸಿದರು. (ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಜೋಡಿಸಿ ಹೊಸ ಹೆಸರು ಕಟ್ಟುವ ಚಟ ನಮ್ಮ ಐಟಿಯವರಿಗಷ್ಟೇ ಅಲ್ಲ.) ಒಂದು ಸಣ್ಣ ಕತೆ ಓದಿ, ಇದರಲ್ಲಿ ಯಾರಾದರೂ ಆಡಬಾರದ ಮಾತು ಆಡಿದರೇ ಎಂದು ಕೇಳುತ್ತಾರೆ. ಕತೆಯೇ ತಲೆಗೆ ಹೋಗದೆ ತಪ್ಪು ಉತ್ತರ ಬಂತೇ ಎಂದು ಬೇರೆ ಪ್ರಶ್ನೆಗಳಿಂದ ಖಚಿತಪಡಿಸಿಕೊಳ್ಳುತ್ತಾರೆ. ವ್ಯಂಗ್ಯ ತಿಳಿಯುತ್ತದೆಯೇ, ವಿಡಿಯೋದಲ್ಲಿನ ಜನರ ನಡವಳಿಕೆಯ ಸುಳಿವು ಸಿಗುತ್ತದೆಯೇ ಎಂದೂ ನೋಡುತ್ತಾರೆ. ಪಶ್ಚಿಮದ ಪರೀಕ್ಷೆಗಳನ್ನು ಇದ್ದ ಹಾಗೇ ತಂದರೆ ಆಗುತ್ತಿರಲಿಲ್ಲ. ಸಂಬಳ ಎಷ್ಟು ಎಂದು ಕೇಳುವುದು ಅಲ್ಲಿ ಆಡಬಾರದ ಮಾತು, ನಮ್ಮೂರಲ್ಲಿ ಕ್ಷೇಮಸಮಾಚಾರ.

ಇದು ನನಗೆ ಬೇಕಾದದ್ದು ಸೋದರಮಾವನ ಮಗನಿಂದಾಗಿ. ಔಷಧಿಯಿಂದ ಅವನ ಕಿವಿಯೊಳಗಿನ ದನಿಗಳು ನಿಂತು ನಾಲ್ಕು ವರ್ಷವಾಗಿತ್ತು. ವಾಕಡ್‌ನ ನಮ್ಮ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬಂದವನು, ನಿಶ್ಚಿತಾರ್ಥ ಮುರಿದುಬಿದ್ದ ಹುಡುಗಿಯನ್ನು ಊಟದ ಪಂಕ್ತಿಯಲ್ಲೇ, "ಯಾಕೆ ಮುರೀತು?" ಎಂದು ಕೇಳಿಬಿಟ್ಟ. ಎಲ್ಲರೂ ಎಲೆ ನೋಡುತ್ತ ಕುಳಿತರು. "ಕಾಯಿಲೆ ವಾಸಿಯಾಯ್ತಲ್ಲ, ಇದು ಸೊಕ್ಕು" ಅಂದರು ಒಬ್ಬ ಹಿರಿಯರು.

ಸೊಕ್ಕಲ್ಲ. ರೋಗಲಕ್ಷಣಗಳು ಇಳಿದ ಮೇಲೂ ಈ ಗ್ರಹಿಕೆಯ ತೊಡಕು ಉಳಿದಿರುತ್ತದೆ, ಕೆಲಸ ಮತ್ತು ಸಂಬಂಧಗಳನ್ನು ನಿಭಾಯಿಸುವುದಕ್ಕೂ ಅದಕ್ಕೂ ನಂಟಿದೆ ಎಂದು ಅದೇ ನಿಮ್ಹಾನ್ಸ್ ತಂಡ ಮುಂದೆ ತೋರಿಸಿತು. ಅಳತೆಯಿಂದ ಆಗುವ ದೊಡ್ಡ ಉಪಕಾರ ಇದೇ ಅನ್ನುತ್ತೇನೆ. ಗುಣದ ಖಾತೆಯಲ್ಲಿ ಬರೆದಿಟ್ಟಿದ್ದನ್ನು ಅದು ಕಷ್ಟದ ಖಾತೆಗೆ ವರ್ಗಾಯಿಸುತ್ತದೆ.

ಆದರೆ ಅದೇ ಗುಚ್ಛದ ಇನ್ನೊಂದು ಭಾಗ ನನ್ನನ್ನು ಕಾಡುತ್ತದೆ. ಅದರ ಮೂಲ ಕಿಂಡರ್ಮನ್ ಮತ್ತು ಬೆಂಟಾಲ್ 1996ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಒಳ್ಳೆಯವು 16, ಕೆಟ್ಟವು 16, ಒಟ್ಟು 32 ಸನ್ನಿವೇಶಗಳು. ಇದು ನಿನಗೆ ಆಯಿತು ಅಂದುಕೋ, ಕಾರಣ ನೀನೇ, ಬೇರೆಯವರೇ, ಪರಿಸ್ಥಿತಿಯೇ? ಕೆಟ್ಟದ್ದಕ್ಕೆಲ್ಲ ಬೇರೆಯವರೇ ಕಾರಣ ಅನ್ನುವ ವಾಲಿಕೆ ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ. ಸನ್ನಿವೇಶಗಳು ಕಲ್ಪಿತವಾದ್ದರಿಂದ ನಿಜವಾದ ಕಾರಣ ಯಾವುದು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಪರೀಕ್ಷೆಯಲ್ಲಿ ಅದು ಸರಿಯೇ. ಮನೆಯಲ್ಲಿ ಹಾಗಲ್ಲ.

ಅದೇ ಸಂಜೆ ನಾವು ನಾಲ್ಕು ಜನ ಅಡುಗೆಮನೆಯಲ್ಲಿ ಮಾತಾಡುತ್ತಿದ್ದೆವು. ಅವನು ಬಾಗಿಲಿಗೆ ಬಂದ, ಮಾತು ನಿಂತಿತು. "ನನ್ನ ಬಗ್ಗೆನೇ ಅಲ್ವಾ?" ಎಂದ. "ಛೇ, ಇಲ್ಲಪ್ಪ. ಹಾಗೆಲ್ಲ ಯೋಚನೆ ಮಾಡ್ಬೇಡ" ಎಂದೆ. ನಾನೇ, ಎಲ್ಲರಿಗಿಂತ ಮೊದಲು. ಅವನನ್ನು ನೋಯಿಸಬಾರದೆಂಬ ಕಾಳಜಿ ಇತ್ತು, ನಿಜ. ಆದರೆ ಸಿಕ್ಕಿಬೀಳಬಾರದೆಂಬುದೂ ಇತ್ತು. ಮುಖ ಓದಲು ಬಾರದು ಎಂದು ನಾವು ದೂರುವವನು ನಮ್ಮ ಮುಖ ಸರಿಯಾಗಿಯೇ ಓದಿದ್ದ. ಆ ಉತ್ತರಕ್ಕೆ ತಪ್ಪು ಗುರುತು ಹಾಕಿದವನು ನಾನು. ಹೀಗೆ ಎಷ್ಟು ವರ್ಷ ಎಷ್ಟು ಜನ ಹಾಕಿದ್ದೇವೋ. ಸರಿಯಾಗಿ ಕಂಡದ್ದನ್ನೂ ಸುಳ್ಳೆಂದು ಕಲಿಸಿದರೆ, ಸುಳ್ಳಾಗಿ ಕಂಡದ್ದನ್ನು ಅವನು ಯಾವುದರ ಪಕ್ಕ ಇಟ್ಟು ನೋಡಬೇಕು? ಅವನ ಅಂಕ ಮಾತ್ರ ನಮ್ಮ ಹತ್ತಿರ ಇರುತ್ತದೆ. ಅವನ ಎದುರು ನಿಂತವರದ್ದನ್ನು ಯಾರೂ ಬರೆದಿಡುವುದಿಲ್ಲ.

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಕೊಟ್ಟು ಹೇಳಿದೆ: "ನಿನ್ನೆ ನಿನ್ನ ಬಗ್ಗೆನೇ ಮಾತಾಡ್ತಿದ್ವಿ ಕಣೋ. ಆ ಹುಡುಗೀನ ಕೇಳಿದ್ಯಲ್ಲ, ಅದು. ನಿನ್ನ ಕೆಲಸದ ವಿಷಯಾನೂ."

"ಗೊತ್ತು ಭಾವ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅತ್ತೆ ಯಾಕೆ ಅಳ್ತಿದ್ರು?"

ಅಮ್ಮ ಅತ್ತಿದ್ದನ್ನು ನಾನು ಗಮನಿಸಿರಲಿಲ್ಲ.