ಕಾಣದ್ದು, ನೋಡದ್ದು

ಕಣ್ಣಿನ ಕೆಲಸಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ಕಾಣುವುದು ಒಂದು, ನೋಡುವುದು ಇನ್ನೊಂದು. ಕಾಣುವುದು ತಾನಾಗಿ ಆಗುವಂಥದು. ನೋಡುವುದು ನಾವಾಗಿ ಮಾಡುವಂಥದು. ಬೆಟ್ಟ ಕಾಣುತ್ತದೆ, ಲೆಕ್ಕವನ್ನು ನೋಡಬೇಕು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಎರಡನ್ನೂ ಅಕ್ಕಪಕ್ಕದಲ್ಲಿ ಕೂರಿಸಿ, ಮೊದಲನೆಯದು ಸಾಲದು, ಎರಡನೆಯದೂ ಬೇಕು ಎಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ.

ಈ ಭೇದದಿಂದ ಒಂದು ನೈತಿಕ ಪ್ರಶ್ನೆ ಹುಟ್ಟುತ್ತದೆ. ತಿಳಿದೂ ತಪ್ಪು ಮಾಡಿದವನನ್ನು ಲೋಕವೆಲ್ಲ ದೂಷಿಸುತ್ತದೆ. ತಿಳಿಯದೆ ಮಾಡಿದವನನ್ನು ಕ್ಷಮಿಸುತ್ತದೆ. ಆದರೆ ನೋಡಿದ್ದರೆ ತಿಳಿಯುತ್ತಿತ್ತು, ನೋಡಲಿಲ್ಲವಾದ್ದರಿಂದ ತಿಳಿಯಲಿಲ್ಲ ಎನ್ನುವವನನ್ನು ಯಾವ ಸಾಲಿನಲ್ಲಿ ನಿಲ್ಲಿಸೋಣ?

ಈ ಪ್ರಶ್ನೆ ತೀಕ್ಷ್ಣವಾಗಿ ಎದುರಾಗುವ ಜಾಗವೊಂದಿದೆ. ಅದು ಕನ್ನಡಕದ ಅಂಗಡಿಯ ಹಿಂಬದಿಯ ಅರೆಗತ್ತಲೆಯ ಕೋಣೆ. ನಲವತ್ತು ದಾಟಿದ ನನ್ನಂಥವರೆಲ್ಲ ಒಂದಲ್ಲ ಒಂದು ದಿನ ಅಲ್ಲಿ ಕುಳಿತವರೇ. ಚಾಳೀಸು ಎಂಬ ಹೆಸರಿನಲ್ಲೇ ನಲವತ್ತರ ಲೆಕ್ಕ ಅಡಗಿದೆ. ಮುಂಬಯಿಯ ನಮ್ಮ ಮರಾಠಿ ನೆರೆಯವರಿಗೂ ಅದು 'ಚಾಳಿಶಿ'ಯೇ. ಅಲ್ಲಿ ನಾವು ಕೇಳುವುದು ಒಂದೇ ಮಾತು: "ನಂಬರ್ ಎಷ್ಟು?" ಆಪ್ಟೊಮೆಟ್ರಿಸ್ಟರು ಗಾಜಿನ ಮೇಲೆ ಗಾಜು ಬದಲಾಯಿಸಿ, "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ವಿಚಾರಿಸಿ, ನಂಬರ್ ಬರೆದುಕೊಡುತ್ತಾರೆ. ಕೇಳಿದ್ದು ಸಿಕ್ಕಿತು, ದುಡ್ಡು ಕೊಟ್ಟೆವು. ವ್ಯವಹಾರ ಅಲ್ಲಿಗೆ ಮುಗಿಯಿತೇ?

ಮುಗಿಯಲಿಲ್ಲ ಎನ್ನುತ್ತದೆ ವಿಜ್ಞಾನ. ಬಹುಕಾಲ ಮನುಷ್ಯನಿಗೆ ಜೀವಂತ ಕಣ್ಣಿನ ಒಳಭಾಗ ಕಂಡಿರಲಿಲ್ಲ. ಪಾಪೆಯ ಮೂಲಕ ಒಳಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ಹಿಡಿಯಬೇಕಾದರೆ ನೋಡುವವನ ಕಣ್ಣು ದೀಪವಿದ್ದ ಕಡೆಯೇ ಇರಬೇಕು. ಅಲ್ಲಿಟ್ಟರೆ ಅವನ ತಲೆಯೇ ದೀಪಕ್ಕೆ ಅಡ್ಡ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತೆಳು ಗಾಜಿನ ತುಣುಕುಗಳನ್ನು ಓರೆಯಾಗಿಟ್ಟು, ಪಕ್ಕದ ದೀಪದ ಬೆಳಕನ್ನು ಅವುಗಳಿಂದ ಒಳಗೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ತಾನು ನೋಡಿದ. ಅವನು 1851ರಲ್ಲಿ ಪ್ರಕಟಿಸಿದ ಈ ಉಪಕರಣವೇ ಆಫ್ತಾಲ್ಮೋಸ್ಕೋಪ್. ಅಂದಿನಿಂದ ಕಣ್ಣುಪಾಪೆ ಒಂದು ಕಿಟಕಿಯಾಯಿತು. ಮೈಯನ್ನು ಕೊಯ್ಯದೆ ರಕ್ತನಾಳಗಳನ್ನೂ ನರದ ತುದಿಯನ್ನೂ ನೇರವಾಗಿ ನೋಡಬಹುದಾದ ಜಾಗ ಇದು.

ಆ ಕಿಟಕಿಯಲ್ಲಿ ಏನೇನು ಕಾಣುತ್ತದೆ? ಸಕ್ಕರೆ ಕಾಯಿಲೆಯವರ ಅಕ್ಷಿಪಟಲದಲ್ಲಿ ಸಣ್ಣ ರಕ್ತದ ಚುಕ್ಕೆಗಳು ಕಾಣಬಹುದು, ಅದೂ ಅವರ ದೃಷ್ಟಿ ಇನ್ನೂ ಚೆನ್ನಾಗಿರುವಾಗಲೇ. ಗ್ಲಾಕೋಮ ಇದ್ದವರಲ್ಲಿ ದೃಷ್ಟಿನರದ ತಲೆಯ ನಡುವಿನ ಗುಳಿ ಅಗಲವಾಗುತ್ತಾ ಹೋಗುತ್ತದೆ. ಈ ರೋಗದಲ್ಲಿ ನೋವಿಲ್ಲ, ಕೆಂಪಿಲ್ಲ, ಬಹಳ ಕಾಲ ಅಕ್ಷರವೂ ಮಸುಕಾಗುವುದಿಲ್ಲ. ದೃಷ್ಟಿ ಅಂಚಿನಿಂದ ಸವೆಯುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣೂ ಮೆದುಳೂ ಸೇರಿ ಮುಚ್ಚಿಬಿಡುತ್ತವೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನಷ್ಟೇ ಕಾಪಾಡಬಹುದು. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಒತ್ತಡ ಈ ಮಿತಿಯಲ್ಲಿದ್ದೂ ನರ ಸವೆಯುವವರಿದ್ದಾರೆ. ಆದ್ದರಿಂದ ಒತ್ತಡ ಅಳೆದರಷ್ಟೇ ಸಾಲದು, ನರವನ್ನೂ ನೋಡಬೇಕು.

ಕಣ್ಣಿನ ಪೊರೆಯ ವಿಷಯ ಹೀಗಲ್ಲ. ಪೊರೆ ಬೆಳೆದವನಿಗೆ ತನಗೆ ಕಾಣುತ್ತಿಲ್ಲವೆಂಬುದು ತಿಳಿಯುತ್ತದೆ. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿದಾಗ ನಮ್ಮ ಹಳ್ಳಿಗಳ ವೃದ್ಧರು ಮಕ್ಕಳ ಕೈ ಹಿಡಿದು ತಾವಾಗಿ ಬಂದು ಸಾಲು ನಿಂತರು. ರೋಗವೇ ಅವರನ್ನು ಕರೆತಂದಿತು. ಗ್ಲಾಕೋಮ ಯಾರನ್ನೂ ಕರೆತರುವುದಿಲ್ಲ. ಅದರ ರೋಗಿ ಬರುವುದು ಕನ್ನಡಕಕ್ಕಾಗಿ. ಅವನ ಕಣ್ಣಿನೊಳಗೆ ಇಣುಕುವ ಮೊದಲ ಮನುಷ್ಯ ಆ ಆಪ್ಟೊಮೆಟ್ರಿಸ್ಟ್. ಎಷ್ಟೋ ಸಲ ಕೊನೆಯವನೂ ಅವನೇ. ಕೇಳದಿದ್ದುದನ್ನು ನೋಡುವ ಹೊಣೆ ಹುಟ್ಟುವುದು ಇಲ್ಲಿಂದ.

ಇನ್ನು ಆ ಹೊಣೆ ತಪ್ಪಿದ ಒಂದು ಸಂಗತಿ. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದಲ್ಲಿ 2012ರ ಫೆಬ್ರವರಿಯಲ್ಲಿ ಒಬ್ಬ ತಾಯಿ ತನ್ನ ಪುಟ್ಟ ಮಗನನ್ನು ವಾಡಿಕೆಯ ಕಣ್ಣು ಪರೀಕ್ಷೆಗೆ ಕರೆದೊಯ್ದಳು. ಅಂಗಡಿಯಲ್ಲಿ ಹುಡುಗನ ಕಣ್ಣಿನ ಒಳಭಾಗದ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಎರಡೂ ಕಣ್ಣಿನ ದೃಷ್ಟಿನರದ ತಲೆ ಊದಿಕೊಂಡಿತ್ತು. ಮೆದುಳನ್ನು ಸುತ್ತುವರಿದ ದ್ರವವೇ ದೃಷ್ಟಿನರದ ಹೊದಿಕೆಯೊಳಗೂ ಹರಡಿಕೊಂಡಿದೆ. ತಲೆಯೊಳಗೆ ಒತ್ತಡ ಏರಿದರೆ ಅದು ಕಣ್ಣಿನ ಹಿಂಬದಿಯಲ್ಲಿ ಹೀಗೆ ಊತವಾಗಿ ತೋರುತ್ತದೆ. ಆಗಲೂ ಮಗು ಗೋಡೆಯ ಮೇಲಿನ ಅಕ್ಷರಗಳನ್ನು ಸರಾಗವಾಗಿ ಓದಬಹುದು. ಪರೀಕ್ಷಿಸಿದ ಆಪ್ಟೊಮೆಟ್ರಿಸ್ಟ್ ಆ ದಿನದ ಚಿತ್ರಗಳನ್ನು ನೋಡಲಿಲ್ಲ. ತಾನು ನೋಡಿದ್ದು ಬೇರೆ ಚಿತ್ರಗಳನ್ನು ಎಂದು ಆಕೆ ಆಮೇಲೆ ಹೇಳಿದಳು. ಹುಡುಗನನ್ನು ಮನೆಗೆ ಕಳಿಸಿದರು. ಐದು ತಿಂಗಳ ನಂತರ, ಎಂಟನೆಯ ವಯಸ್ಸಿನಲ್ಲಿ, ಮೆದುಳಿನಲ್ಲಿ ದ್ರವ ಕಟ್ಟಿಕೊಂಡು ಅವನು ತೀರಿಹೋದ. ಸಕಾಲದಲ್ಲಿ ತಿಳಿದಿದ್ದರೆ ಚಿಕಿತ್ಸೆ ಸಾಧ್ಯವಿತ್ತು.

ಇಂಗ್ಲೆಂಡಿನ 1989ರ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೃಷ್ಟಿ ಪರೀಕ್ಷೆ ಮಾಡುವವರು ನಂಬರ್ ಕೊಟ್ಟರೆ ಸಾಲದು. ಕಣ್ಣಿನಲ್ಲಾಗಲಿ ಬೇರೆಡೆಯಾಗಲಿ ಗಾಯ, ರೋಗ, ಅಸಹಜತೆಯ ಲಕ್ಷಣವಿದೆಯೇ ಎಂದು ಪರೀಕ್ಷಿಸಲೇಬೇಕು. 2016ರಲ್ಲಿ ಜ್ಯೂರಿ ಆಕೆಯನ್ನು ಘೋರ ನಿರ್ಲಕ್ಷ್ಯದಿಂದಾದ ನರಹತ್ಯೆಯ ಅಪರಾಧಿ ಎಂದಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ನ್ಯಾಯಾಲಯದ ತರ್ಕದ ಸಾರ ಇಷ್ಟು: ಸಾವಿನ ಅಪಾಯ ಎದ್ದು ಕಾಣುವಂತಿತ್ತೇ ಎಂಬುದನ್ನು ಆ ಹೊತ್ತಿಗೆ ಆಕೆಗೆ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕು, ಕರ್ತವ್ಯ ಪಾಲಿಸಿದ್ದರೆ ಏನು ತಿಳಿಯುತ್ತಿತ್ತು ಎಂಬುದರಿಂದಲ್ಲ. ಆಕೆಯ ಕರ್ತವ್ಯಲೋಪ ಗಂಭೀರವೇ, ಆದರೂ ಅದು ನರಹತ್ಯೆಯಲ್ಲ.

ಇದನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಗದೆ ಇರದು. ಚಿತ್ರವನ್ನು ನೋಡಿ, ಊತವನ್ನು ಕಂಡು, ಸುಮ್ಮನಿದ್ದವನು ಅಪರಾಧಿಯಾಗಬಹುದು. ಚಿತ್ರವನ್ನೇ ನೋಡದವನು ಪಾರಾಗುತ್ತಾನೆ. ಹಾಗಾದರೆ ಕಣ್ಣು ಮುಚ್ಚಿಕೊಂಡಿರುವುದೇ ಲಾಭವಾಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆದರೂ ನ್ಯಾಯಾಲಯ ಸರಿಯಾಗಿಯೇ ಹೇಳಿದೆ ಎಂದು ನನ್ನ ಅಭಿಪ್ರಾಯ. ಮಾಡಬೇಕಾದ ಒಂದು ಪರೀಕ್ಷೆಯನ್ನು ಬಿಟ್ಟವರನ್ನೆಲ್ಲ ಕೊಲೆಗಡುಕರ ಸಾಲಿಗೆ ಸೇರಿಸಿದರೆ ಯಾವ ವೈದ್ಯ, ಯಾವ ದಾದಿ ಹೊರಗುಳಿದಾರು? ದಂಡಿಸುವ ಕೈಗೆ ಒಂದು ಮಿತಿ ಬೇಕು.

ಆದರೆ ದಂಡ ಎಷ್ಟು ಎಂಬುದು ಕಾನೂನಿನ ಪ್ರಶ್ನೆ. ತಪ್ಪು ಎಲ್ಲಿದೆ ಎಂಬುದು ನೀತಿಯ ಪ್ರಶ್ನೆ. ಆ ತಪ್ಪು ಜುಲೈ ತಿಂಗಳಲ್ಲಿ, ಮಗು ಸತ್ತ ದಿನ ಆದದ್ದಲ್ಲ. ಫೆಬ್ರವರಿಯಲ್ಲಿ, ಚಿತ್ರ ಮುಂದಿದ್ದೂ ನೋಡದ ಆ ಕೆಲವು ನಿಮಿಷಗಳಲ್ಲಿ ಆದದ್ದು. ಹಾಗೆಂದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಅದೇ ಫೆಬ್ರವರಿಯಲ್ಲಿ ಜಗತ್ತಿನ ಬೇರೆ ಎಷ್ಟೋ ಕೋಣೆಗಳಲ್ಲಿ ಎಷ್ಟೋ ಜನ ಹೀಗೆಯೇ ನೋಡದೆ ಬಿಟ್ಟಿರಬೇಕು. ಅಲ್ಲಿ ಕುಳಿತಿದ್ದ ಮಕ್ಕಳ ನರಗಳು ಆರೋಗ್ಯವಾಗಿದ್ದವು, ಅಷ್ಟೇ. ಅವರ ತಪ್ಪು ಇವಳ ತಪ್ಪಿಗಿಂತ ಕೂದಲೆಳೆಯಷ್ಟೂ ಕಡಿಮೆಯಲ್ಲ. ಅದೃಷ್ಟ ಮಾತ್ರ ಬೇರೆ. ಕೆಟ್ಟ ಅದೃಷ್ಟದವರ ಮೇಲೆ ಕಲ್ಲೆಸೆದು, ಒಳ್ಳೆಯ ಅದೃಷ್ಟದವರನ್ನು ನಿರ್ದೋಷಿಗಳೆಂದು ಕರೆಯುವುದು ನೀತಿಯಲ್ಲ.

ಕಚೇರಿಯಲ್ಲಿ ದುಡಿಯುವ ನಮಗೆ ಇದು ಬೇಗ ಅರ್ಥವಾಗಬೇಕು. ಸರ್ಕಾರಿ ಕಡತದ ಅಂಚಿನಲ್ಲಿ 'ಸೀನ್' ಎಂದು ಬರೆದು ಚುಟುಕು ಸಹಿ ಹಾಕುವ ಪದ್ಧತಿಯಿದೆ. ಕೆಳಗಿನವರು ಮೇಲಿನವರು ನೋಡುತ್ತಾರೆಂದೂ, ಮೇಲಿನವರು ಕೆಳಗಿನವರು ನೋಡಿದ್ದಾರೆಂದೂ ನಂಬಿದರೆ, ಐದು ಸಹಿ ಬಿದ್ದರೂ ಒಂದು ಜೊತೆ ಕಣ್ಣೂ ಆ ಹಾಳೆಯ ಮೇಲೆ ಹರಿದಿರುವುದಿಲ್ಲ. ಕಡತದ ಆ ತುದಿಯಲ್ಲಿ ಯಾರೋ ವಿಧವೆಯ ಪಿಂಚಣಿ ಇರುತ್ತದೆ. ಇಪ್ಸ್‌ವಿಚ್‌ನಲ್ಲೂ ಚಿತ್ರ ತೆಗೆದವರು ಒಬ್ಬರು, ನೋಡಬೇಕಾದವರು ಇನ್ನೊಬ್ಬರು. ಕೆಲಸವನ್ನು ಹಂಚಿಕೊಳ್ಳಬಹುದು, ನೋಡುವ ಹೊಣೆಯನ್ನು ಹಂಚಿದರೆ ಅದು ಯಾರ ಪಾಲಿಗೂ ಉಳಿಯುವುದಿಲ್ಲ.

ಹೀಗೆನ್ನುವಾಗ ಆಪ್ಟೊಮೆಟ್ರಿಸ್ಟರ ಪರವಾಗಿ ಎರಡು ಮಾತು ಹೇಳುವುದೂ ನ್ಯಾಯ. ಒಂದು, ಸಮಯ. ಹೊರಗೆ ಗಿರಾಕಿಗಳು ಸಾಲುಗಟ್ಟಿ ಕುಳಿತಿರುವಾಗ, ಮಾರಾಟವಾದ ಫ್ರೇಮುಗಳ ಲೆಕ್ಕವನ್ನಷ್ಟೇ ಕೇಳುವ ಮಾಲೀಕನಿರುವಾಗ, ಒಬ್ಬರಿಗೆ ಹತ್ತು ನಿಮಿಷ ಕೊಟ್ಟವನ ಹೊಣೆಯೂ ಇದರಲ್ಲಿ ಸೇರಿದೆ. ಎರಡು, ಅಧಿಕಾರದ ಎಲ್ಲೆ. ಆಪ್ಟೊಮೆಟ್ರಿಸ್ಟ್ ನೇತ್ರಶಸ್ತ್ರವೈದ್ಯನಲ್ಲ. ಅವನು ನೋಡಿದ್ದಕ್ಕೆಲ್ಲ ರೋಗದ ಹೆಸರಿಟ್ಟರೆ ಜನ ಹೆದರಿ ಸಾಯುತ್ತಾರೆ. ಹೆದರಿಸಿ ದುಡ್ಡು ಕೀಳುವ ಅಂಗಡಿಗಳಿಗೂ ದಾರಿಯಾಗುತ್ತದೆ. ಸುಮ್ಮನಿದ್ದರೆ ನರ ಸವೆಯುತ್ತದೆ. ಈ ಎರಡರ ನಡುವೆ ಪ್ರಾಮಾಣಿಕರಿಗೆ ಒಂದು ದಾರಿಯಿದೆ: "ಇಲ್ಲಿ ಸಹಜವಲ್ಲದ್ದು ಕಾಣುತ್ತಿದೆ. ಇದನ್ನು ತೀರ್ಮಾನಿಸುವವನು ನಾನಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿ" ಎಂದು ಹೇಳಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು. ತನ್ನ ತಿಳಿವಳಿಕೆ ಮುಗಿಯುವ ಗೆರೆಯನ್ನು ತಾನೇ ಗುರುತಿಸುವುದು ಸಣ್ಣ ವಿದ್ಯೆಯಲ್ಲ. ನಮ್ಮ ದೇಶದಲ್ಲಿ 1985ರಲ್ಲಿ ಚೆನ್ನೈಯ ಎಲೀಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿಯಂಥ ಸಂಸ್ಥೆ ಹುಟ್ಟಿ ಈ ವೃತ್ತಿಗೆ ಪದವಿ ಶಿಕ್ಷಣ ಬಂದರೂ, ಅದನ್ನು ಒಂದು ಆರೋಗ್ಯ ವೃತ್ತಿಯೆಂದು ಹೆಸರಿಸುವ ಕೇಂದ್ರ ಕಾಯಿದೆ ಬಂದದ್ದು 2021ರಲ್ಲಿ.

ಇನ್ನು ಕುರ್ಚಿಯ ಈಚೆ ಬದಿಯಲ್ಲಿ ಕೂರುವ ನಮ್ಮ ಮಾತು. ನಮ್ಮ ಸೆಕ್ಷನ್ನಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ಓದುವ ಕನ್ನಡಕಕ್ಕೆಂದು ಹೋದವರಿಗೆ ಅಲ್ಲಿಯ ಹುಡುಗಿ ನಂಬರ್ ಬರೆದುಕೊಟ್ಟು, "ಅಂಕಲ್, ಎಡಗಣ್ಣಿನ ನರ ಸ್ವಲ್ಪ ಬೇರೆ ಕಾಣುತ್ತಿದೆ, ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂದಳಂತೆ. ಮರುದಿನ ಊಟದ ವೇಳೆಯಲ್ಲಿ ಅವರದು ಒಂದೇ ಸಿಟ್ಟು: "ಏನ್ರೀ ಇದು, ಚಾಳೀಸ ಕೇಳಾಕ ಹೋದ್ರ ರೋಗಾ ಕೊಟ್ಟು ಕಳಿಸ್ಯಾಳಲ್ರೀ! ನನಗ ಎಲ್ಲಾ ಛಲೋ ಕಾಣ್ತದ." ಚೀಟಿ ಎರಡು ತಿಂಗಳು ಅವರ ಅಂಗಿಯ ಜೇಬಿನಲ್ಲೇ ಇತ್ತು. ಕೊನೆಗೆ ಮನೆಯವರ ಒತ್ತಾಯಕ್ಕೆ ಹೋದರು. ದೃಷ್ಟಿಯ ವಿಸ್ತಾರ ಅಳೆಯುವ ಪರೀಕ್ಷೆಯಲ್ಲಿ ಎಡಗಣ್ಣಿನ ಮೂಗಿನ ಬದಿಯ ಒಂದು ತುಂಡು ಆಗಲೇ ಹೋಗಿತ್ತು. ಈಗ ದಿನವೂ ರಾತ್ರಿ ಔಷಧದ ಹನಿ ಹಾಕಿಕೊಳ್ಳುತ್ತಾರೆ. ಅದರಿಂದ ಕಣ್ಣು ಹಿಂದಿಗಿಂತ ಚೆನ್ನಾಗಿ ಕಾಣುವುದಿಲ್ಲ. ಇದ್ದದ್ದು ಇದ್ದಂತೆ ಉಳಿಯುತ್ತದೆಂಬ ಭರವಸೆಯಷ್ಟೇ. ಗುಣ ಕಾಣದ ಔಷಧವನ್ನು ಜೀವನಪೂರ್ತಿ ತಪ್ಪದೆ ಹಾಕಿಕೊಳ್ಳುವುದೂ ಒಂದು ವ್ರತವೇ.

ಆ ಎರಡು ತಿಂಗಳು ಅವರು ಮಾಡಿದ್ದಾದರೂ ಏನು? ನೋಡಲು ಒಪ್ಪದೆ ಕುಳಿತದ್ದು. ತಿಳಿದುಕೊಂಡರೆ ಏನಾದರೂ ಮಾಡಬೇಕಾಗುತ್ತದೆ ಎಂಬ ಅಂಜಿಕೆ ನಮ್ಮೆಲ್ಲರಲ್ಲೂ ಇದೆ. ಕಣ್ಣಿನ ಡಾಕ್ಟರಿಗೆ ಹೋಗದವರು, ರಕ್ತಪರೀಕ್ಷೆಯ ಲಕೋಟೆ ಬಿಚ್ಚದವರು, ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಫೋನಿನಲ್ಲಿ "ಆರಾಮಿದ್ದೀಯಾ ಅಮ್ಮ?" ಎಂದು ಕೇಳಿ, ಆಕೆ "ಹೂಂ" ಎಂದೊಡನೆ ನಿಟ್ಟುಸಿರಿಟ್ಟು ಇಟ್ಟುಬಿಡುವವರು, ಎಲ್ಲರೂ ಒಂದೇ ಜಾತಿಯವರು. ತಿಳಿದಿರಲಿಲ್ಲ ಎಂಬ ಮಾತು ನಮ್ಮ ಬಾಯಿಂದ ಬಂದಾಗ, ನೋಡಲು ಹೋಗಿದ್ದೆವೇ ಎಂದು ನಾವೇ ಕೇಳಿಕೊಳ್ಳುವುದು ಒಳ್ಳೆಯದು. ಹೋಗಿದ್ದೂ ತಿಳಿಯಲಿಲ್ಲವಾದರೆ ಅದು ಕಾಣದ್ದು; ಅದಕ್ಕೆ ಕ್ಷಮೆಯಿದೆ. ಹೋಗದೆ ಉಳಿದಿದ್ದರೆ ಅದು ನೋಡದ್ದು. ಅದರ ಹೊಣೆ, ಕೇಡು ಸಂಭವಿಸಲಿ ಬಿಡಲಿ, ನಮ್ಮದೇ.

ನಮ್ಮ ಸಂಘಗಳಲ್ಲಿ ಕಣ್ಣು ತಪಾಸಣೆಯ ಶಿಬಿರಗಳು ನಡೆಯುತ್ತಿರುತ್ತವೆ. ಬಹಳ ಒಳ್ಳೆಯ ಕೆಲಸ. ಕಾರ್ಯಕರ್ತರಲ್ಲಿ ಒಂದು ವಿನಂತಿ. ಅಕ್ಷರ ಓದಿಸಿ ಕನ್ನಡಕ ಹಂಚುವುದರ ಜೊತೆಗೆ, ನಲವತ್ತು ದಾಟಿದವರ ಕಣ್ಣಿನ ಒತ್ತಡ ಅಳೆದು ನರವನ್ನು ನೋಡುವವರೊಬ್ಬರನ್ನೂ ಕರೆಯೋಣ. ತಂದೆತಾಯಿಗಳಲ್ಲಿ, ಒಡಹುಟ್ಟಿದವರಲ್ಲಿ ಗ್ಲಾಕೋಮ ಇದ್ದವರಿಗೆ ಆ ಭಯ ಇತರರಿಗಿಂತ ಹೆಚ್ಚು. ಅವರನ್ನು ಮೊದಲು ಕೂರಿಸೋಣ. ಆಸ್ಪತ್ರೆಗೆ ಹೋಗಿರೆಂದು ಚೀಟಿ ಪಡೆದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಾದ ಮೇಲೆ ಅವರ ಮನೆಗೆ ಹೋಗಿ, "ತೋರಿಸಿದಿರಾ?" ಎಂದು ಕೇಳೋಣ.